ಗೈರುಹಾಜರಿ ಬರೆದವರು ಕಾರಣ ಬರೆಯಲಿಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಕೇಳಿದವರ ಒತ್ತಾಯಕ್ಕೆ ಬರಹಕ್ಕೆ ಇಳಿಸಿದ್ದೇವೆ.)

ಅಮೆರಿಕದ ಸೈನ್ಯದಿಂದ ಹೊರಕ್ಕೆ ಬರೋ ಪ್ರತಿಯೊಬ್ಬನ ಕೈಗೂ ಒಂದು ಕಾಗದ ಕೊಡ್ತಾರೆ. ಅದರ ಹೆಸರು ಡಿಡಿ 214. ಎಷ್ಟು ದಿನ ದುಡಿದ, ಯಾವ ಕೆಲಸ ಕಲಿತ, ಯಾವ ಪದಕ ಸಿಕ್ಕಿತು ಎಲ್ಲ ಅದರಲ್ಲಿರುತ್ತೆ. ಜೊತೆಗೆ ಒಂದು ಸಾಲು: ಇವನನ್ನು ಯಾವ ತರದ ಬಿಡುಗಡೆ ಕೊಟ್ಟು ಕಳಿಸಲಾಗಿದೆ ಅಂತ. ಆ ಒಂದು ಸಾಲಿನ ಮೇಲೆ ಅವನ ಮುಂದಿನ ಓದು, ಆಸ್ಪತ್ರೆ, ಮನೆ ಕಟ್ಟೋ ಸಾಲ, ಕೆಲಸ, ಕಡೆಗೆ ಸತ್ತ ಮೇಲೆ ಸೈನಿಕರ ಸ್ಮಶಾನದಲ್ಲಿ ಮೂರಡಿ ಆರಡಿ ಜಾಗ, ಎಲ್ಲ ನಿಂತಿದೆ. ನಮ್ಮ ಟಿಸಿಯಲ್ಲಿ 'ನಡತೆ' ಅಂತ ಒಂದು ಕಾಲಂ ಇರುತ್ತಲ್ಲ, ಅಂಥದೇ ಒಂದು ಕಾಲಂ ಅದು. ಆದರೆ ಸಾಯೋತನಕ ಬೆನ್ನು ಬಿಡೋದಿಲ್ಲ.

ಅಮೆರಿಕದ ಕಥೆ ನಮಗ್ಯಾಕೆ ಅಂತ ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸ್ತಿದೆ. ಹೇಳ್ತೀವಿ. 1972ರಲ್ಲಿ ಬೊಂಬಾಯಿನ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಆ ಹೆಸರನ್ನು ತಂದದ್ದು ಅಮೆರಿಕದ ಕರಿಯರಿಂದ. ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ 1966ರಲ್ಲಿ ಹತ್ತು ಬೇಡಿಕೆಗಳನ್ನು ಮುಂದಿಟ್ಟಿದ್ದರು. ಅದರಲ್ಲಿ ಒಂದು, ಕರಿಯ ಗಂಡಸರನ್ನು ಸೈನ್ಯದ ಕಡ್ಡಾಯ ಸೇವೆಯಿಂದ ಬಿಡಬೇಕು ಅನ್ನೋದು. ಹೆಸರನ್ನು ತಂದ ನಾವು ಈ ಬೇಡಿಕೆ ಎಲ್ಲಿಂದ ಹುಟ್ಟಿತು ಅಂತ ಕೇಳಿಕೊಂಡದ್ದು ಕಡಿಮೆ.

ಸೈನ್ಯದ ಕಾಗದಕ್ಕೂ ನಮಗೂ ಹಳೆಯ ಲೆಕ್ಕ ಬೇರೆ ಇದೆ. ಬೊಂಬಾಯಿ ಸೈನ್ಯದಲ್ಲಿ ತಲೆಮಾರುಗಳಿಂದ ದುಡಿದ ಮಹಾರರನ್ನು 1890ರ ದಶಕದ ಮೊದಲಲ್ಲಿ ಬ್ರಿಟಿಷರು 'ಯೋಧ ಜಾತಿ'ಯಲ್ಲ ಅಂತ ಹೇಳಿ ಭರ್ತಿ ಮಾಡಿಕೊಳ್ಳೋದನ್ನೇ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ರಾಮ್‌ಜಿಯವರು ಅದೇ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಿವೃತ್ತ ಸೈನಿಕ ಗೋಪಾಲಬಾಬಾ ವಲಂಗಕರ್ 1894ರಲ್ಲಿ ಇದರ ವಿರುದ್ಧ ಮನವಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಇನ್ನೊಂದು ಬರೆದರು. ಒಂದಿಡೀ ಜಾತಿಗೆ ಆಪಾದನೆಯೇ ಇಲ್ಲದೆ ಕೊಟ್ಟ ಡಿಸ್ಚಾರ್ಜಿನ ವಿರುದ್ಧ ಹಾಕಿದ ಅಪೀಲು ಅಂತ ನಾವು ಅದನ್ನು ಓದ್ತೀವಿ. 1941ರಲ್ಲಿ ಮಹಾರ್ ರೆಜಿಮೆಂಟ್ ಎದ್ದು ನಿಂತದ್ದು ಬೆಳಗಾವಿಯಲ್ಲಿ, ನಮ್ಮ ನೆಲದಲ್ಲೇ. ಮೊದಲ ಮನವಿಯಿಂದ ಲೆಕ್ಕ ಹಾಕಿ, ನಲವತ್ತೇಳು ವರ್ಷ.

ಈಗ ಅಮೆರಿಕಕ್ಕೆ ಬರೋಣ. ಬಿಡುಗಡೆಯಲ್ಲಿ ಐದು ಮೆಟ್ಟಿಲು. ನಮಗೆ ಮೆಟ್ಟಿಲಿನ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಗೌರವದ ಬಿಡುಗಡೆ. ಅದರ ಕೆಳಗೆ ಸಾಮಾನ್ಯ ಬಿಡುಗಡೆ. ಅದಕ್ಕೂ ಕೆಳಗೆ ಗೌರವೇತರ ಬಿಡುಗಡೆ. ಆಮೇಲೆ ದುರ್ನಡತೆಯದು, ಕಟ್ಟಕಡೆಗೆ ಅಗೌರವದ್ದು. ಕೊನೆಯ ಎರಡನ್ನು ಕೊಡಬೇಕಾದರೆ ಸೈನಿಕ ಕೋರ್ಟಿನಲ್ಲಿ ವಿಚಾರಣೆ ನಡೆದು ಶಿಕ್ಷೆಯಾಗಬೇಕು. ಆದರೆ ಮಧ್ಯದ ಆ ಮೂರನೆಯದಕ್ಕೆ ಕೋರ್ಟು ಬೇಡ, ಸಾಕ್ಷಿ ಬೇಡ. ಮೇಲಧಿಕಾರಿಗಳ ಕಡತದಲ್ಲೇ ಮುಗಿದುಹೋಗುತ್ತೆ. 1977ಕ್ಕೂ ಮುಂಚೆ ಅದಕ್ಕೆ ಇನ್ನೂ ಬಾಯಿಬಿಟ್ಟ ಹೆಸರಿತ್ತು, 'ಬೇಡವಾದವನ ಬಿಡುಗಡೆ' ಅಂತ. ಬೇಡವಾದವನು! ಈ ಶಬ್ದವನ್ನು ನಮ್ಮ ಭಾಷೆಗೆ ತರೋದಕ್ಕೆ ನಿಘಂಟು ನೋಡಬೇಕಾಗಲಿಲ್ಲ.

ಅದಕ್ಕೂ ಹಿಂದೆ ನೀಲಿ ಕಾಗದ ಇತ್ತು. ಎರಡನೇ ಮಹಾಯುದ್ಧದಲ್ಲಿ ನೀಲಿ ಹಾಳೆಯ ಮೇಲೆ ಅಚ್ಚು ಹಾಕಿ ಕೊಡ್ತಿದ್ದ ಬಿಡುಗಡೆ. ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ ಅಂತ ಹೇಳಿಕೆ. ಡಿಸೆಂಬರ್ 1941ರಿಂದ ಜೂನ್ 1945ರವರೆಗೆ ಭೂಸೇನೆ ಇಂಥ 48,603 ಕಾಗದ ಹಂಚಿತು. ಅದರಲ್ಲಿ 10,806 ಕರಿಯರ ಕೈಗೆ ಹೋದವು. ಸೈನ್ಯದಲ್ಲಿ ಕರಿಯರು ನೂರಕ್ಕೆ ಏಳು ಮಂದಿಯೂ ಇರಲಿಲ್ಲ, ನೀಲಿ ಕಾಗದದಲ್ಲಿ ನೂರಕ್ಕೆ ಇಪ್ಪತ್ತೆರಡು. ಸಲಿಂಗಿಗಳು ಅಂತ ಗುಮಾನಿ ಬಂದವರಿಗೂ ಇದೇ ಕಾಗದ. 1944ರಲ್ಲಿ ಅಮೆರಿಕದ ಸರ್ಕಾರ ಯುದ್ಧದಿಂದ ಬಂದವರಿಗೆ ಕಾಲೇಜು ಫೀಜು, ಮನೆ ಸಾಲ ಕೊಡೋ ದೊಡ್ಡ ಕಾನೂನು ಮಾಡಿತು. ಅಗೌರವದ ಬಿಡುಗಡೆ ಪಡೆದವರಿಗೆ ಮಾತ್ರ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಆದರೂ ಕಛೇರಿಯವರು ನೀಲಿ ಕಾಗದ ನೋಡಿದರೆ ಬಾಗಿಲು ಹಾಕಿದರು. ಪಿಟ್ಸ್‌ಬರ್ಗ್ ಕೊರಿಯರ್ ಅನ್ನೋ ಕರಿಯರ ಪತ್ರಿಕೆ 1945ರಲ್ಲಿ ಇದನ್ನು ಬೀದಿಗೆ ತಂತು. 1947ರಲ್ಲಿ ನೀಲಿ ಕಾಗದ ನಿಂತಿತು. ಹೆಸರು ಹೋಯಿತು, ಮೆಟ್ಟಿಲು ಉಳೀತು.

ಇನ್ನು ವಿಯಟ್ನಾಂ. ಇದನ್ನು ನೀವು ಗಮನವಿಟ್ಟು ಕೇಳಬೇಕು, ಯಾಕಂದರೆ ಇದು ವಿದ್ಯಾರ್ಥಿಗಳ ವಿಷಯ. ಆ ಯುದ್ಧದ ಬಹುಕಾಲ ಕಾಲೇಜಿನಲ್ಲಿ ಓದ್ತಿದ್ದವನಿಗೆ ಸೈನ್ಯದ ಕರೆಯಿಂದ ರಜಾ ಇತ್ತು. ಫೀಜು ಕಟ್ಟೋ ಅಪ್ಪ ಇದ್ದವನು ಓದಿಕೊಂಡು ಉಳಿದ. ಇಲ್ಲದವನು ಬಂದೂಕು ಹೊತ್ತ. ಅದೂ ಸಾಲದೆ 1966ರಲ್ಲಿ ರಕ್ಷಣಾ ಮಂತ್ರಿ ಮೆಕ್‌ನಮಾರ 'ಪ್ರಾಜೆಕ್ಟ್ ಒಂದು ಲಕ್ಷ' ಅನ್ನೋ ಯೋಜನೆ ತಂದ. ಪರೀಕ್ಷೆಯಲ್ಲಿ ನಪಾಸಾದವರನ್ನೂ ಸೇರಿಸಿಕೊಳ್ಳಿ, ಸೈನ್ಯ ಅವರನ್ನು ಉದ್ಧಾರ ಮಾಡುತ್ತೆ ಅಂತ. ಮೂರೂವರೆ ಲಕ್ಷ ಬಡ ಹುಡುಗರು ಹಾಗೆ ಸೇರಿದರು, ಸುಮಾರು ನೂರಕ್ಕೆ ನಲವತ್ತು ಮಂದಿ ಕರಿಯರು. ಉದ್ಧಾರ ಅನ್ನೋ ಮಾತು ಕೇಳಿದಾಗಲೆಲ್ಲ ನಮಗೆ ಸ್ವಲ್ಪ ಭಯ ಆಗುತ್ತೆ.

ಈ ಹುಡುಗರಲ್ಲಿ ಬಹಳ ಜನ ಹೇಳದೆ ಕೇಳದೆ ಹೊರಟುಹೋದರು. ಅಲ್ಲಿನ ಸೈನಿಕ ಕಾನೂನಿನ 86ನೇ ಕಲಮಿನಲ್ಲಿ ಇದು ರಜೆ ಇಲ್ಲದ ಗೈರುಹಾಜರಿ. 85ನೇ ಕಲಮಿನಲ್ಲಿ ಸೈನ್ಯತ್ಯಾಗ, ಅಂದರೆ ಮರಳಿ ಬರೋದೇ ಇಲ್ಲ ಅಂತ ಹೋಗೋದು. ಮೂವತ್ತು ದಿನ ದಾಟಿತು ಅಂದರೆ ಕಡತದಲ್ಲಿ ಅವನನ್ನು ಓಡಿಹೋದವನು ಅಂತ ಬರೆದು, ಪೊಲೀಸರಿಗೆ ವಾರಂಟು ಕಳಿಸ್ತಾರೆ. 1971ರಲ್ಲಿ ಭೂಸೇನೆಯ ಪ್ರತಿ ಸಾವಿರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಜನ ಹೀಗೆ ಓಡಿಹೋದವರ ಪಟ್ಟಿಗೆ ಸೇರಿದರು. ನಮ್ಮ ದೇಶದ 1950ರ ಸೈನ್ಯ ಕಾಯ್ದೆಯಲ್ಲೂ ಮೂವತ್ತು ದಿನದ ಗೈರುಹಾಜರಿ ಆದ ಮೇಲೆ ವಿಚಾರಣಾ ಮಂಡಳಿ ಕೂರಿಸೋ ನಿಯಮವಿದೆ. ಪಿಯುಸಿ ಮುಗಿಸಿ ಭರ್ತಿ ಮೈದಾನಕ್ಕೆ ಓಡೋ ನಮ್ಮ ಹುಡುಗರು ಇದನ್ನು ತಿಳಿದಿರಲಿ.

ಯಾಕೆ ಹೋದರು? ಯುದ್ಧ ವಿರೋಧಿಸಿ ಹೋದರು ಅಂತ ಹೇಳೋದಕ್ಕೆ ನಮಗೆ ಆಸೆ. ಆದರೆ ಸತ್ಯ ಹಾಗಿಲ್ಲ. 1974-75ರಲ್ಲಿ ಅಧ್ಯಕ್ಷ ಫೋರ್ಡ್ ನೇಮಿಸಿದ ಕ್ಷಮಾದಾನ ಮಂಡಳಿ ಸಾವಿರಾರು ಸೈನಿಕರ ಅರ್ಜಿ ಓದಿತು. ಯುದ್ಧ ಬೇಡ ಅಂತ ಮನಸ್ಸಾಕ್ಷಿಯ ಮಾತಿಗೆ ಹೋದವರು ಕೆಲವೇ ಮಂದಿ. ಬಹುಪಾಲು ಜನಕ್ಕೆ ಮನೆ ತಾಪತ್ರಯ. ಅಪ್ಪನಿಗೆ ಕಾಯಿಲೆ, ತಾಯಿಗೆ ಬಾಡಿಗೆ ಕಟ್ಟೋಕೆ ಆಗ್ತಿಲ್ಲ, ಹೆಂಡತಿ ಬಸುರಿ. ರಜಾ ಕೇಳಿದರೆ ಕೊಡಲಿಲ್ಲ, ಕೇಳೋದು ಹೇಗೆ ಅಂತ ಗೊತ್ತಿರಲಿಲ್ಲ. ಇನ್ನು ಕೆಲವರು ವಿಯಟ್ನಾಂನಲ್ಲಿ ಹೋರಾಡಿ, ಪದಕ ಹಾಕಿಕೊಂಡು ವಾಪಸು ಬಂದ ಮೇಲೆ ರಾತ್ರಿ ನಿದ್ದೆ ಬರದೆ, ಬಾಗಿಲ ಸದ್ದಿಗೆ ಬೆಚ್ಚಿಬಿದ್ದು, ಶಿಬಿರದಲ್ಲಿ ನಿಲ್ಲಲಾರದೆ ಹೋದವರು. ಕರಿಯರಿಗೆ ಇದರ ಮೇಲೆ ಇನ್ನೊಂದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ವಿಯಟ್ನಾಂನ ಕೆಲವು ಶಿಬಿರಗಳಲ್ಲಿ ಬಿಳಿಯ ಸೈನಿಕರು ಗುಲಾಮಗಿರಿಯ ಪಕ್ಷ ವಹಿಸಿದ್ದ ದಕ್ಷಿಣದವರ ಹಳೆಯ ಬಾವುಟ ಹಾರಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಲಾಂಗ್ ಬಿನ್ ಸೈನಿಕ ಜೈಲಿನಲ್ಲಿ ಕಿಕ್ಕಿರಿದು ತುಂಬಿದ್ದ ಕರಿಯ ಕೈದಿಗಳು ದಂಗೆ ಎದ್ದರು.

ನಾವು ಓಡಿಹೋದದ್ದನ್ನು ಹಾಡಿ ಹೊಗಳೋದಕ್ಕೆ ಬಂದಿಲ್ಲ. ಒಬ್ಬ ಹೋದರೆ ಅವನ ಪಾಳಿ ಇನ್ನೊಬ್ಬ ಬಡವನ ಮಗನ ತಲೆಗೆ ಬೀಳುತ್ತೆ, ಅದೂ ನಿಜ. ನಮ್ಮ ಮಾತು ರಿಜಿಸ್ಟರಿನ ಬಗ್ಗೆ. ರಿಜಿಸ್ಟರು ದಿನ ಎಣಿಸುತ್ತೆ. ಹೋದ ತಾರೀಖು, ಬಂದ ತಾರೀಖು. ಯಾಕೆ ಅನ್ನೋ ಕಾಲಂ ಅದರಲ್ಲಿಲ್ಲ. ಸುಗ್ಗಿಯಲ್ಲಿ ಅವ್ವನ ಜೊತೆ ಕೂಲಿಗೆ ಹೋದ ಹದಿನೈದು ದಿನಕ್ಕೆ ಹಾಸ್ಟೆಲ್ಲಿನ ಸೀಟು ಕಳಕೊಂಡವರು ನಮ್ಮ ನಡುವೆ ಇದಾರೆ. ಅವರಿಗೆ ಇದು ಗೊತ್ತು.

ಸಿಕ್ಕಿಬಿದ್ದ ಮೇಲೆ ಏನಾಗ್ತಿತ್ತು? ಸೆರೆಮನೆಯಲ್ಲಿ ಕೂತ ಹತ್ತೊಂಬತ್ತು ವರ್ಷದ ಹುಡುಗನ ಮುಂದೆ ಒಂದು ಅರ್ಜಿ ಇಡ್ತಿದ್ದರು. 'ನನ್ನ ಮೇಲೆ ಕೋರ್ಟ್ ಮಾರ್ಷಲ್ ಬೇಡ, ಬದಲಿಗೆ ಬಿಡುಗಡೆ ಕೊಡಿ' ಅಂತ ಅವನೇ ಬೇಡಿಕೊಂಡ ಹಾಗೆ. ಭೂಸೇನೆಯ ನಿಯಮದಲ್ಲಿ ಇದು ಹತ್ತನೇ ಅಧ್ಯಾಯ. ರುಜು ಹಾಕಿದರೆ ಮನೆಗೆ ಹೋಗಬಹುದು. ಹಾಕದಿದ್ದರೆ ಜೈಲಾಗಬಹುದು. ಯಾರು ಹಾಕೋದಿಲ್ಲ? ಆರು ತಿಂಗಳು ಕಳೆದರೆ ಇದು ತಾನಾಗಿ ಗೌರವದ ಬಿಡುಗಡೆ ಆಗಿಬಿಡುತ್ತೆ ಅನ್ನೋ ಮಾತೂ ಸೈನಿಕರಲ್ಲಿ ಬಾಯಿಂದ ಬಾಯಿಗೆ ಹರಡಿತ್ತು. ಶುದ್ಧ ಸುಳ್ಳು. ತಾನಾಗಿ ಬದಲಾಗೋ ಕಾಗದ ಯಾವ ಸರ್ಕಾರದಲ್ಲೂ ಇಲ್ಲ. ಬಿಡುಗಡೆಯ ಕಾಗದದ ಮೇಲೆ ಗುಪ್ತ ನಂಬರನ್ನೂ ಬರೀತಿದ್ದರು. ಅದರ ಅರ್ಥ ಆ ಹುಡುಗನಿಗೆ ಗೊತ್ತಿಲ್ಲ, ಕೆಲಸ ಕೊಡೋ ಸಾಹುಕಾರನಿಗೆ ಗೊತ್ತಾಗ್ತಿತ್ತು. ಗಲಾಟೆಯಾದ ಮೇಲೆ 1974ರಲ್ಲಿ ಆ ನಂಬರು ನಿಂತಿತು.

1972ರಲ್ಲಿ ರಕ್ಷಣಾ ಇಲಾಖೆಯೇ ಒಂದು ತನಿಖಾ ಸಮಿತಿ ನೇಮಿಸಿತು. ಕರಿಯರ ಸಂಘಟನೆ ಎನ್‌ಎಎಸಿಪಿಯ ವಕೀಲ ನಥಾನಿಯಲ್ ಜೋನ್ಸ್ ಅದರ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು. ಓದಿನಲ್ಲೂ ಪರೀಕ್ಷೆಯ ಅಂಕದಲ್ಲೂ ಸಮಾನರಾದ ಬಿಳಿಯರಿಗೆ ಹೋಲಿಸಿದರೆ ಕರಿಯರಿಗೆ ಗೌರವದ ಬಿಡುಗಡೆ ಕಡಿಮೆ ಸಿಗ್ತಿದೆ ಅಂತ ಆ ಸಮಿತಿ ಬರೆಯಿತು. ಅಂಕ ಒಂದೇ ಆದರೂ ಕಾಲಂ ಬೇರೆ ಬೇರೆ.

ಯುದ್ಧ ಮುಗಿದ ಮೇಲೆ ಕ್ಷಮೆಯ ಕಾಲ ಬಂತು. ಅದರಲ್ಲೂ ಮೆಟ್ಟಿಲು. ಫೋರ್ಡ್ ಸೆಪ್ಟೆಂಬರ್ 1974ರಲ್ಲಿ ಕೊಟ್ಟದ್ದು ಷರತ್ತಿನ ಕ್ಷಮೆ, ಎರಡು ವರ್ಷದವರೆಗೆ ಬಿಟ್ಟಿ ಸೇವೆಯಂಥ ಕೆಲಸ ಮಾಡಿದರೆ 'ಕ್ಷಮಾ ಬಿಡುಗಡೆ' ಅನ್ನೋ ಹೊಸ ಕಾಗದ. ಅದನ್ನು ತೋರಿಸಿದರೆ ಸೌಲಭ್ಯವೇನೂ ಇಲ್ಲ. ಇವನು ಓಡಿಹೋಗಿದ್ದ ಅಂತ ಊರಿಗೆಲ್ಲ ಗೊತ್ತಾಗೋದೊಂದೇ ಲಾಭ. ಅರ್ಹರಲ್ಲಿ ಬಹುಪಾಲು ಜನ ಅರ್ಜಿಯನ್ನೇ ಹಾಕಲಿಲ್ಲ. ಜನವರಿ 1977ರಲ್ಲಿ ಅಧ್ಯಕ್ಷ ಕಾರ್ಟರ್ ಬಂದ ಮಾರನೇ ದಿನವೇ ಕ್ಷಮೆ ಘೋಷಿಸಿದ. ಯಾರಿಗೆ? ಸೈನ್ಯದ ಕರೆ ಬಂದಾಗ ಕೆನಡಾಕ್ಕೆ ಹೋದವರಿಗೆ, ಸೇರದೆ ತಪ್ಪಿಸಿಕೊಂಡವರಿಗೆ. ಸೇರಿ, ದುಡಿದು, ಆಮೇಲೆ ಬಿಟ್ಟು ಹೋದವರಿಗೆ ಇಲ್ಲ. ಕರೆ ತಪ್ಪಿಸಿಕೊಂಡವರಲ್ಲಿ ಕಾಲೇಜು ಓದಿದ ಬಿಳಿಯರು ಹೆಚ್ಚು. ಬಿಟ್ಟು ಹೋದವರಲ್ಲಿ ಬಡವರು ಹೆಚ್ಚು. ಅವರಿಗಾಗಿ ಕಾರ್ಟರ್ ಅದೇ ವರ್ಷ ಮರುಪರಿಶೀಲನೆಯ ಬೇರೆ ಕಾರ್ಯಕ್ರಮ ಮಾಡಿದ. ಅದು ಇನ್ನೂ ನಡೀತಿರುವಾಗಲೇ ಅಲ್ಲಿನ ಪಾರ್ಲಿಮೆಂಟು ಸಿಟ್ಟಾಗಿ ಅಕ್ಟೋಬರಿನಲ್ಲಿ ಕಾನೂನು ತಂತು. ಒಂದೇ ಸಮನೆ 180 ದಿನ ಗೈರಾಗಿ, ಅದಕ್ಕಾಗಿ ಗೌರವೇತರ ಬಿಡುಗಡೆ ಪಡೆದವನಿಗೆ ಮಾಜಿ ಸೈನಿಕರ ಸೌಲಭ್ಯ ಇಲ್ಲ ಅಂತ. ಆದರೆ ಆ ಕಾನೂನಿನಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು: ಗೈರಾಗಲೇಬೇಕಾದ ಬಲವಾದ ಸಂದರ್ಭ ಇತ್ತು ಅಂತ ತೋರಿಸಿದರೆ ಪರಿಗಣಿಸಬಹುದು.

ಆ ಕಿಂಡಿಯಲ್ಲಿ ಕೈ ಹಾಕೋದು ಹೇಗೆ ಅನ್ನೋದೇ ಅಪೀಲಿನ ಕಥೆ.

ದಾರಿ ಎರಡು. ಒಂದು ಕಾಗದವನ್ನೇ ಬದಲಾಯಿಸೋದು. ಇನ್ನೊಂದು, ಕಾಗದ ಹಾಗೇ ಇದ್ದರೂ ಸೌಲಭ್ಯ ಕೇಳೋದು. ಮೊದಲನೆಯದು ಸೈನ್ಯದ ಮಂಡಳಿಯ ಕೈಲಿ, ಎರಡನೆಯದು ಮಾಜಿ ಸೈನಿಕರ ಇಲಾಖೆಯ ಕೈಲಿ. ಒಂದು ಕಡೆ ಸೋತವನು ಇನ್ನೊಂದು ಕಡೆ ಗೆಲ್ಲಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ಬಾಗಿಲಲ್ಲೇ ಬೈಸಿಕೊಂಡು ಮನೆಗೆ ಹೋದರು.

ಬಿಡುಗಡೆ ಮರುಪರಿಶೀಲನಾ ಮಂಡಳಿಗಳಿಗೆ ದಾರಿಯಾದದ್ದು 1944ರ ಆ ಕಾನೂನಿನಿಂದಲೇ. ಡಿಡಿ 293 ಅನ್ನೋ ಫಾರಂ. ಬಿಡುಗಡೆಯಾದ 15 ವರ್ಷದೊಳಗೆ ಹಾಕಬೇಕು. ಐದು ಜನ ಕೂತು ಬಹುಮತದಿಂದ ತೀರ್ಮಾನ ಮಾಡ್ತಾರೆ. ಕಡತ ಮಾತ್ರ ನೋಡಿ ಅಂತ ಹೇಳಬಹುದು, ನಾನೇ ಮುಂದೆ ನಿಂತು ಮಾತಾಡ್ತೀನಿ ಅಂತಲೂ ಕೇಳಬಹುದು. ಅವರು ಎರಡು ವಿಷಯ ನೋಡ್ತಾರೆ: ನಿಯಮ ತಪ್ಪಿತಾ, ನ್ಯಾಯ ತಪ್ಪಿತಾ. ನಿಯಮ ಸರಿಯಾಗಿದ್ದೂ ನ್ಯಾಯ ತಪ್ಪಿರಬಹುದು ಅನ್ನೋದನ್ನು ಸೈನ್ಯವೇ ಒಪ್ಪಿಕೊಂಡಿದೆ ಅನ್ನೋದು ಇದರ ಅರ್ಥ. ನಮ್ಮ ಕಛೇರಿಗಳ ಸಾಹೇಬರು ಇನ್ನೂ ಅಲ್ಲಿಗೆ ಬಂದಿಲ್ಲ. 15 ವರ್ಷ ದಾಟಿದರೆ ದಾಖಲೆ ತಿದ್ದುಪಡಿ ಮಂಡಳಿಗೆ ಹೋಗಬೇಕು, ಫಾರಂ ಡಿಡಿ 149. ಅದಕ್ಕೆ ಮೂರು ವರ್ಷದ ಗಡುವು ಇದ್ದರೂ ನ್ಯಾಯದ ದೃಷ್ಟಿಯಿಂದ ಮನ್ನಾ ಮಾಡೋ ಅಧಿಕಾರ ಮಂಡಳಿಗಿದೆ. ಮುದುಕರಾದ ವಿಯಟ್ನಾಂ ಸೈನಿಕರು ಹೋಗೋದು ಈ ಬಾಗಿಲಿಗೆ.

ಕಷ್ಟ ಎಲ್ಲಿದೆ ಅಂದರೆ, ಸೈನ್ಯ ಮಾಡಿದ್ದು ಸರಿ ಅಂತ ಹಿಡಿದುಕೊಂಡೇ ಮಂಡಳಿ ಕೂರುತ್ತೆ. ತಪ್ಪು ಅಂತ ತೋರಿಸೋ ಭಾರ ಅರ್ಜಿದಾರನ ಮೇಲೆ. ಅವನ ಕಡತ ಅವನ ಹತ್ತಿರ ಇಲ್ಲ, ಸೈನ್ಯದ ಹತ್ತಿರ ಇದೆ. ಅದೂ ಇದ್ದರೆ ಪುಣ್ಯ. ಜುಲೈ 1973ರಲ್ಲಿ ಸೇಂಟ್ ಲೂಯಿಸ್ ಊರಿನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಮೇಲ್ಪಟ್ಟು ಕಡತ ಸುಟ್ಟುಹೋದವು. 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಎಂಬತ್ತು ಪಾಲು. ನೀಲಿ ಕಾಗದದವರ ಕಾಲವೂ ಅದರಲ್ಲೇ ಬರುತ್ತೆ.

ಆದ್ದರಿಂದ ಅರ್ಜಿ ಬರೆಯೋದು ಅಂದರೆ 'ನಾನು ಒಳ್ಳೆಯವನು, ದಯೆ ತೋರಿಸಿ' ಅಂತ ಬರೆಯೋದಲ್ಲ. ಆ ತರದ ಅರ್ಜಿಗಳು ಮೂಲೆಗೆ ಹೋಗ್ತವೆ. ಗೈರಾಗೋ ಮುಂಚಿನ ಸೇವೆ ಹೇಗಿತ್ತು, ಯಾವ ತಾರೀಖಿನಂದು ಏನಾಯಿತು, ಆದದ್ದಕ್ಕೂ ಹೋದದ್ದಕ್ಕೂ ಏನು ಸಂಬಂಧ, ಇದನ್ನು ಒಂದಕ್ಕೊಂದು ಗಂಟು ಹಾಕಿ ತೋರಿಸಬೇಕು. ತಾಯಿ ಆಗ ಬರೆದ ಕಾಗದ, ಆಸ್ಪತ್ರೆಯ ಚೀಟಿ, ಜೊತೆಗಿದ್ದ ಸೈನಿಕನ ಹೇಳಿಕೆ, ಪಾದ್ರಿಯದು, ನೆರೆಯವರದು. ಬಂದ ಮೇಲೆ ಹೇಗೆ ಬದುಕಿದ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇನ್ನೊಬ್ಬನಿಗೆ ಇದೇ ಪರಿಸ್ಥಿತಿಯಲ್ಲಿ ಮಂಡಳಿ ಏನು ತೀರ್ಪು ಕೊಟ್ಟಿದೆ ಅಂತ ಹುಡುಕಿ ತೋರಿಸಬಹುದು. ಮೊದಲು ಅದಕ್ಕೂ ದಾರಿಯಿರಲಿಲ್ಲ, ಕಾರಣ ಕೊಡದೆ 'ತಿರಸ್ಕರಿಸಲಾಗಿದೆ' ಅಂತ ಕಳಿಸ್ತಿದ್ದರು. ಬಡವರ ಪರ ವಕೀಲರ ಒಂದು ಸಂಸ್ಥೆ ಕೋರ್ಟಿಗೆ ಎಳೆದ ಮೇಲೆ, 1977ರ ರಾಜಿಯಲ್ಲಿ, ಕಾರಣ ಬರೆದು ಕೊಡ್ತೀವಿ, ತೀರ್ಪುಗಳನ್ನು ಜನ ಓದೋ ಹಾಗೆ ಇಡ್ತೀವಿ ಅಂತ ಒಪ್ಪಿದರು. ನಮ್ಮ ಕಣ್ಣಿಗೆ ಇಡೀ ಚರಿತ್ರೆಯಲ್ಲಿ ಇದೇ ದೊಡ್ಡ ಗೆಲುವು. ತಿರಸ್ಕರಿಸಿದವನ ಕೈಲಿ ಕಾರಣ ಬರೆಸಿದ್ದು.

ಇನ್ನೊಂದು ಗೆಲುವು ಡಾಕ್ಟರುಗಳ ಪುಸ್ತಕದಿಂದ ಬಂತು. ಯುದ್ಧ ಕಂಡವನ ನಿದ್ದೆಗೇಡು, ಬೆಚ್ಚಿಬೀಳೋದು, ಎಲ್ಲ ಬಿಟ್ಟು ಓಡಿಹೋಗೋದು, ಇದನ್ನೆಲ್ಲ ಸೈನ್ಯ ದುರ್ನಡತೆ ಅಂತ ಬರೆದಿತ್ತು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದಕ್ಕೆ ಆಘಾತದ ನಂತರದ ಒತ್ತಡದ ಕಾಯಿಲೆ, ಪಿಟಿಎಸ್‌ಡಿ, ಅಂತ ಹೆಸರಿಟ್ಟರು. ಹೆಸರಿಲ್ಲದ ಕಾಯಿಲೆಗೆ 1970ರಲ್ಲಿ ಯಾವ ಡಾಕ್ಟರ ಚೀಟಿ ತರೋದು? ಆದರೂ ಮಂಡಳಿಗಳು ಚೀಟಿ ಕೇಳ್ತಾನೇ ಇದ್ದವು. ಕಾಂಲೆ ಮಂಕ್ ಅನ್ನೋ ಕರಿಯ ಸೈನಿಕ, ವಿಯಟ್ನಾಂನಲ್ಲಿ ಹೋರಾಡಿದವರು, ಬೇಡವಾದವನ ಬಿಡುಗಡೆ ಪಡೆದು ದಶಕಗಟ್ಟಲೆ ಸೌಲಭ್ಯ ಸಿಗದೆ ಅಲೆದವರು. ಅವರ ಮೇಲಿದ್ದ ಆಪಾದನೆ ಗೈರುಹಾಜರಿಯದಲ್ಲ, ಜಗಳದ್ದು. ಆದರೆ ಕಾಗದ ಅದೇ, ಕಾಯಿಲೆ ಅದೇ. ಅವರೂ ಇತರ ಕೆಲವರೂ 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳ ಸಹಾಯದಿಂದ ಮೊಕದ್ದಮೆ ಹೂಡಿದರು. ವಿದ್ಯಾರ್ಥಿಗಳು, ಗೆಳೆಯರೇ, ನಿಮ್ಮ ವಯಸ್ಸಿನವರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಕ್ಷಣಾ ಮಂತ್ರಿ ಹೇಗಲ್, ಈ ಕಾಯಿಲೆಯ ಅರ್ಜಿಗಳನ್ನು ಉದಾರವಾಗಿ ನೋಡಿ ಅಂತ ಮಂಡಳಿಗಳಿಗೆ ಆದೇಶ ಕೊಟ್ಟ. 2015ರಲ್ಲಿ ಮಂಕ್ ಅವರ ಕಾಗದ ಬದಲಾಯಿತು. 2017ರ ಇನ್ನೊಂದು ಆದೇಶದಲ್ಲಿ, ಬೇರೆ ದಾಖಲೆ ಇಲ್ಲದಿದ್ದರೂ ಸೈನಿಕನ ಸ್ವಂತ ಹೇಳಿಕೆಯನ್ನೇ ಸಾಕ್ಷಿ ಅಂತ ತೆಗೆದುಕೊಳ್ಳಬಹುದು ಅಂತ ಬಂತು. 2024ರಲ್ಲಿ ಮಾಜಿ ಸೈನಿಕರ ಇಲಾಖೆ ಆ 180 ದಿನದ ಕಿಂಡಿಯನ್ನು ಅಗಲ ಮಾಡಿತು. ಮನಸ್ಸಿನ ಕಾಯಿಲೆ, ಲೈಂಗಿಕ ದೌರ್ಜನ್ಯ, ಯುದ್ಧಭೂಮಿಯ ಸಂಕಟ, ಮನೆಯ ಹೊಣೆ, ಇವನ್ನೆಲ್ಲ ಬಲವಾದ ಸಂದರ್ಭ ಅಂತ ತೂಗಿ ನೋಡಬೇಕು ಅಂತ.

ಮನೆಯ ಹೊಣೆ. 1969ರಲ್ಲಿ ಅಪ್ಪನಿಗೆ ಕಾಯಿಲೆ ಅಂತ ಓಡಿದವನು ಈ ಹೊತ್ತಿಗೆ ಬದುಕಿದ್ದರೆ ಅವನೇ ಎಪ್ಪತ್ತೈದು ದಾಟಿರುತ್ತಾನೆ.

ಮಧ್ಯಾಹ್ನ ಊಟ ಆದ ಮೇಲೆ ಅರ್ಜಿ ಬರೆಯೋ ತರಗತಿ ಇದೆ. ಗೈರುಹಾಜರಿ ಅಂತ ಹಾಸ್ಟೆಲ್ಲಿನಿಂದ ತೆಗೆದ ನೋಟೀಸು, ವಿದ್ಯಾರ್ಥಿವೇತನ ತಡೆದ ಚೀಟಿ, 'ನಡತೆ' ಕಾಲಂ ಕೆಡಿಸಿದ ಟಿಸಿ ಯಾರ ಹತ್ತಿರ ಇದೆಯೋ ತನ್ನಿ. ನಕಲು ಸಾಲದು, ತಾರೀಖೂ ಮೊಹರೂ ಕಾಣೋ ಮೂಲ ಕಾಗದ ಬೇಕು. ಇಬ್ಬಿಬ್ಬರು ಕೂತು ಬರೆಯೋಣ. ಒಬ್ಬ ಹೇಳಲಿ, ಒಬ್ಬ ಬರೆಯಲಿ.